ಹಳೆ ಡೆಸ್ಕ್‌ಟಾಪಿನಲ್ಲಿ ರೇಷ್ಮೆ ಹುಳುವಿನ ಜೀನೋಮ್: ಮೈಸೂರಿನ ಒಂದು ಲ್ಯಾಬಿಗೆ ಕಟ್ಟಿದ ಲೋಕಲ್ ಸರ್ವರ್

ರೇಷ್ಮೆ ಹುಳುವಿನ ಜೀನೋಮ್, ಅಂದರೆ ಅದರ ಡಿಎನ್‌ಎಯ ಅಷ್ಟೂ ಅಕ್ಷರಗಳ ಸಾಲು, ಯಾರು ಬೇಕಾದರೂ ನೋಡಬಹುದು. ದುಡ್ಡು ಕೊಡಬೇಕಿಲ್ಲ. ಟೋಕಿಯೊ ವಿಶ್ವವಿದ್ಯಾಲಯದ ಸಿಲ್ಕ್‌ಬೇಸ್ ಎಂಬ ತಾಣ ಇದೆ. ಚೀನಾದ ಸೌತ್‌ವೆಸ್ಟ್ ವಿಶ್ವವಿದ್ಯಾಲಯದ ಸಿಲ್ಕ್‌ಡಿಬಿ ಇದೆ. ಜಪಾನಿನ ಕೃಷಿ ಸಂಶೋಧನಾ ಸಂಸ್ಥೆ ನಾರೋ ನಡೆಸುವ ಕೈಕೊಬೇಸ್ ಇದೆ. ಇವುಗಳ ಜೊತೆಗೆ ಎಲ್ಲ ಜೀವಿಗಳ ಮಾಹಿತಿಯನ್ನೂ ಒಂದೇ ಕಡೆ ಇಡುವ ಅಮೆರಿಕದ ಎನ್‌ಸಿಬಿಐ ಇದೆ. ಇಷ್ಟೆಲ್ಲ ಇರುವಾಗ ಮೈಸೂರಿನ ಒಂದು ಕಾಲೇಜು ಲ್ಯಾಬಿನಲ್ಲಿ ಇದರದೇ ನಕಲು ಇಟ್ಟುಕೊಳ್ಳುವುದು ಯಾಕೆ?

ಮೊದಲ ಕಾರಣ ನೆಟ್. ಒಂದು ಪ್ರಾಕ್ಟಿಕಲ್ ಬ್ಯಾಚಿನವರೆಲ್ಲ ಒಂದೇ ಹೊತ್ತಿಗೆ ಒಂದೇ ಸೀಕ್ವೆನ್ಸ್ (ಅಕ್ಷರಗಳ ಸಾಲು) ಅಂಟಿಸಿ ಹುಡುಕು ಎಂದು ಒತ್ತಿದರೆ, ಹೊರದೇಶದ ತಾಣಕ್ಕೆ ನಾವೆಲ್ಲ ಒಂದೇ ವಿಳಾಸದವರು. ಸರದಿಯಲ್ಲಿ ಕಾಯಿಸುತ್ತದೆ. ಅಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ.

ಎರಡನೇ ಕಾರಣ ದೊಡ್ಡದು. ಒಂದೇ ಜೀನಿಗೆ ಒಂದೊಂದು ತಾಣದಲ್ಲಿ ಒಂದೊಂದು ಹೆಸರು. ಹಳೆಯ ಪ್ರಬಂಧದಲ್ಲಿ ಓದಿದ ಜೀನ್ ಹೊಸ ತಾಣದಲ್ಲಿ ಸಿಗುವುದಿಲ್ಲ. ಇಲ್ಲಿ ಓದುವ ಮಕ್ಕಳಲ್ಲಿ ಎಷ್ಟೋ ಜನ ಮಳವಳ್ಳಿ, ಮದ್ದೂರು, ತಿ. ನರಸೀಪುರ, ಕೊಳ್ಳೇಗಾಲದ ಕಡೆಯವರು. ಮನೆಯಲ್ಲಿ ಹುಳು ಸಾಕುತ್ತಾರೆ. ಪೊರೆ ಬಿಡುವ ಹೊತ್ತಿಗೆ ಹುಳು ಜ್ವರಕ್ಕೆ ಹೋಗುವುದು, ಏಳುವುದು, ಹಣ್ಣಾಗುವುದು, ಗೂಡು ಕಟ್ಟಲು ಚಂದ್ರಂಕಿಗೆ ಬಿಡುವುದು ಎಲ್ಲ ಚಿಕ್ಕಂದಿನಿಂದ ನೋಡಿದವರು. ಅವರ ಹತ್ತಿರ ನಿಜವಾದ ಪ್ರಶ್ನೆಗಳಿವೆ. ಆ ಪ್ರಶ್ನೆ ಹೆಸರಿನ ಗೊಂದಲದಲ್ಲೇ ಸತ್ತುಹೋಗಬಾರದು. ಈ ಕೆಲಸಕ್ಕೆ ಕೈ ಹಾಕಿದ್ದು ಅದಕ್ಕೇ.

ಮಷೀನು

ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಒಂದು ಹಳೆ ಐ5 ಡೆಸ್ಕ್‌ಟಾಪ್. 8 ಜಿಬಿ ರ್‍ಯಾಮ್, ಸದ್ದು ಮಾಡುವ ಹಾರ್ಡ್ ಡಿಸ್ಕ್. ಮೊದಲು ಕ್ಯಾಬಿನೆಟ್ ಬಿಚ್ಚಿ ಬ್ಲೋಅರ್ ಹಿಡಿದೆ. ಸಿಪಿಯು ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿತ್ತು. ಒರೆಸಿ ಹೊಸದು ಹಚ್ಚಿದೆ. ಸರಸ್ವತಿಪುರಂನ ಒಂದು ಅಂಗಡಿಯಲ್ಲಿ ಇನ್ನೊಂದು 8 ಜಿಬಿ ಕಡ್ಡಿ ಮತ್ತು 500 ಜಿಬಿ ಎಸ್‌ಎಸ್‌ಡಿ ಸಿಕ್ಕಿತು. ಹಳೆ ಹಾರ್ಡ್ ಡಿಸ್ಕನ್ನು ಬ್ಯಾಕಪ್ಪಿಗೆ ಉಳಿಸಿಕೊಂಡೆ.

ಉಬುಂಟು ಸರ್ವರ್ ಹಾಕಿ ಅಪ್‌ಡೇಟ್ ಕೊಟ್ಟರೆ ಎಲ್ಲದಕ್ಕೂ ಎರರ್. "ಈ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ" ಎಂಬ ಅರ್ಥದ ಸಂದೇಶ. ಬ್ರೌಸರ್ ತೆಗೆದರೆ ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತಿತ್ತು. ನೆಟ್‌ವರ್ಕಿನ ತೊಂದರೆ ಅಂತ ಕೇಬಲ್ ಬದಲಾಯಿಸುವ ಮೊದಲು ಒಮ್ಮೆ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ, ಪ್ಲಗ್ ತೆಗೆದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಇವತ್ತು ಸಹಿಯಾದ ಸರ್ಟಿಫಿಕೇಟ್ ಮಷೀನಿನ ಲೆಕ್ಕದಲ್ಲಿ ಮುಂದೆಂದೋ ಶುರುವಾಗುವಂಥದ್ದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಸೆಲ್ ಅದು. ಹಾಕಿ, ಬಯಾಸಿನಲ್ಲಿ (ಮಷೀನು ಏಳುವಾಗಿನ ಸೆಟ್ಟಿಂಗ್) ತಾರೀಖು ಸರಿ ಮಾಡಿದ ಮೇಲೆ ಒಂದು ಎರರ್ ಕೂಡ ಉಳಿಯಲಿಲ್ಲ.

ಕರೆಂಟ್ ಹೋಗುವುದಂತೂ ಇದ್ದೇ ಇದೆ. ಸಣ್ಣ ಯುಪಿಎಸ್ ಒಂದನ್ನು ಯುಎಸ್‌ಬಿ ಕೇಬಲ್ಲಿನಿಂದ ಮಷೀನಿಗೆ ಜೋಡಿಸಿದ್ದೇನೆ. ಬ್ಯಾಟರಿ ಇಳಿಯುತ್ತಾ ಬಂದರೆ ಮಷೀನು ತಾನೇ ಶಾಂತವಾಗಿ ಆಫ್ ಆಗುತ್ತದೆ. ಬಯಾಸಿನಲ್ಲಿ "ಕರೆಂಟ್ ಬಂದ ಮೇಲೆ ಆನ್ ಆಗು" ಎಂಬ ಆಯ್ಕೆಯನ್ನೂ ಹಾಕಿದೆ. ಇಲ್ಲದಿದ್ದರೆ ಪ್ರತಿ ಸಲ ಯಾರಾದರೂ ಬಂದು ಬಟನ್ ಒತ್ತಬೇಕು, ಅಲ್ವಾ?

ಯಾವ ಜೀನೋಮ್ ಇಳಿಸುವುದು

ರೇಷ್ಮೆ ಹುಳುವಿನ ಜೀನೋಮ್ ಅಂತ ಒಂದೇ ಒಂದು ಫೈಲ್ ಇಲ್ಲ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. 2004ರಲ್ಲಿ ಚೀನಾದ ತಂಡ ಒಂದು ಕರಡು ತಂದಿತು. ಅದೇ ವರ್ಷ ಜಪಾನಿನ ತಂಡವೂ ಒಂದು ತಂದಿತು. 2008ರಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿದರು. ಆಮೇಲೆ ಉದ್ದುದ್ದ ತುಂಡು ಓದುವ ಪ್ಯಾಕ್‌ಬಯೊ ವಿಧಾನದಲ್ಲಿ ಮಾಡಿದ ಹೊಸ ಜೋಡಣೆ (ಓದಿದ ತುಂಡುಗಳನ್ನು ಸೇರಿಸಿ ಕಟ್ಟಿದ ಜೀನೋಮ್) 2019ರಲ್ಲಿ ಪ್ರಕಟವಾಯಿತು. ಅದರ ಉದ್ದ ಸುಮಾರು 46 ಕೋಟಿ ಅಕ್ಷರ. 696 ಸ್ಕ್ಯಾಫೋಲ್ಡ್, ಅಂದರೆ ಹಾಗೆ ಸೇರಿಸಿದ ದೊಡ್ಡ ತುಂಡುಗಳು. ನಡುವೆ ತುಂಬದೆ ಉಳಿದ ಜಾಗ ಬರೀ 30. ಅದರ ಮೇಲೆ ಗುರುತಿಸಿದ ಜೀನುಗಳು 16,880. ಸಿಲ್ಕ್‌ಬೇಸಿನಲ್ಲಿ ಇದಕ್ಕೆ 2016ರ ನವೆಂಬರ್ ಜೋಡಣೆ ಅನ್ನುತ್ತಾರೆ. ಎನ್‌ಸಿಬಿಐನಲ್ಲಿ ಇದರ ನಂಬರ್ ಜಿಸಿಎಫ್_014905235.1.

ನಮ್ಮ ಬುನಾದಿಗೆ ಇದನ್ನೇ ಆರಿಸಿದೆವು. ಹಳೆಯವನ್ನು ಎಸೆಯಲಿಲ್ಲ. ಹತ್ತು ಹದಿನೈದು ವರ್ಷದ ಹಿಂದಿನ ಪ್ರಬಂಧಗಳೆಲ್ಲ ಹಳೆ ಜೀನ್ ನಂಬರುಗಳಲ್ಲೇ ಇವೆ. ಹಾಗಾಗಿ 2008ರ ಜೀನ್ ಪಟ್ಟಿಯ ಪ್ರೋಟೀನ್ ಫೈಲನ್ನೂ ಇಳಿಸಿದೆವು. ಅದರಲ್ಲಿ 14,623 ಜೀನುಗಳಿವೆ.

ಇಳಿಸುವಾಗ ಒಂದು ಶಿಸ್ತು ಇಟ್ಟುಕೊಳ್ಳಿ. ಬ್ರೌಸರಿನಲ್ಲಿ ಕ್ಲಿಕ್ ಮಾಡಿ ಇಳಿಸಬೇಡಿ. ಡಬ್ಲ್ಯುಗೆಟ್ ಎಂಬ ಇಳಿಸುವ ಕಮಾಂಡ್ ಬಳಸಿ, ಮುಂದುವರಿಸುವ ಆಯ್ಕೆ ಹಾಕಿ. ನಡುವೆ ನೆಟ್ ಹೋದರೂ ಬಿಟ್ಟಲ್ಲಿಂದ ಶುರುವಾಗುತ್ತದೆ. ಎನ್‌ಸಿಬಿಐ ಪ್ರತಿ ಫೈಲಿಗೂ ಎಂಡಿ5 ಮೊತ್ತ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಕೊಡುತ್ತದೆ, ಅದನ್ನು ತಾಳೆ ನೋಡಿ. ಅರ್ಧ ಇಳಿದ ಫೈಲ್ ಎಷ್ಟೋ ಸಲ ಯಾವ ದೂರೂ ಹೇಳದೆ ತೆರೆದುಕೊಳ್ಳುತ್ತದೆ. ಕೊನೆಯ ಕ್ರೋಮೋಸೋಮ್ (ವರ್ಣತಂತು) ಮಾತ್ರ ಇರುವುದಿಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದು ಸಾದಾ ಟೆಕ್ಸ್ಟ್ ಫೈಲ್ ಇಟ್ಟಿದ್ದೇವೆ. ಎಲ್ಲಿಂದ, ಯಾವ ತಾರೀಖು, ಯಾವ ಆವೃತ್ತಿ, ಯಾವ ಪ್ರಬಂಧವನ್ನು ಉಲ್ಲೇಖಿಸಬೇಕು. ಇಷ್ಟಿಲ್ಲದೆ ಯಾವ ಫೈಲಿಗೂ ಸರ್ವರಿನಲ್ಲಿ ಜಾಗ ಇಲ್ಲ ಅಂತ ಲ್ಯಾಬಿನ ಮೇಡಂ ಮೊದಲೇ ಹೇಳಿಬಿಟ್ಟರು. ಅವರು ಹಾಗೆ ಹಠ ಹಿಡಿದದ್ದು ಮುಂದೆ ಎಷ್ಟು ಕೆಲಸ ಉಳಿಸಿತು ಅಂದರೆ, ಯಾರೇ ಇಂಥದ್ದು ಕಟ್ಟಿದರೂ ನಾನು ಮೊದಲು ಹೇಳುವುದು ಅದನ್ನೇ.

ಕ್ರೋಮೋಸೋಮಿನ ಹೆಸರು ಹೊಂದಿಸಿದ್ದು

ಒಂದೇ ಜೋಡಣೆ, ಆದರೆ ಸಿಲ್ಕ್‌ಬೇಸಿನ ಫೈಲಿನಲ್ಲಿ ಕ್ರೋಮೋಸೋಮಿಗೆ ಒಂದು ಹೆಸರು, ಎನ್‌ಸಿಬಿಐ ಫೈಲಿನಲ್ಲಿ ಎನ್‌ಸಿ ಎಂದು ಶುರುವಾಗುವ ಉದ್ದ ನಂಬರು. ಜೀನುಗಳ ಜಾಗ ಹೇಳುವ ಜಿಎಫ್‌ಎಫ್ ಫೈಲನ್ನು ಒಂದು ಕಡೆಯಿಂದಲೂ ಅಕ್ಷರಗಳಿರುವ ಫಾಸ್ಟಾ ಫೈಲನ್ನು ಇನ್ನೊಂದು ಕಡೆಯಿಂದಲೂ ತಂದರೆ, ಜೀನುಗಳನ್ನು ಚಿತ್ರವಾಗಿ ತೋರಿಸುವ ಜೀನೋಮ್ ಬ್ರೌಸರ್ ಖಾಲಿ ಕಾಣುತ್ತದೆ. ಎರರ್ ಬರುವುದಿಲ್ಲ. ಸುಮ್ನೆ ಖಾಲಿ.

ಎರಡೂ ಫಾಸ್ಟಾ ಫೈಲಿಗೆ ಸ್ಯಾಮ್‌ಟೂಲ್ಸ್ ಫೈಡ್ಎಕ್ಸ್ ಎಂಬ ಕಮಾಂಡ್ ಓಡಿಸಿದೆ. ಅದು ಮಾಡುವ ಸಣ್ಣ ಪಟ್ಟಿಯಲ್ಲಿ ಮೊದಲ ಕಾಲಂ ಹೆಸರು, ಎರಡನೆಯದು ಉದ್ದ. ಎರಡೂ ಪಟ್ಟಿಯನ್ನು ಉದ್ದದ ಪ್ರಕಾರ ಜೋಡಿಸಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರ ಜೋಡಿ ಅಂತ ಕಾಣುತ್ತದೆ. ಉದ್ದ ಒಂದೇ ಆದರೆ ಸಾಲದು. ಒಳಗಿನ ಅಕ್ಷರಗಳೂ ಒಂದೇ ಇರಬೇಕು. ಅದಕ್ಕೆ ಪ್ರತಿಯೊಂದರ ಎಂಡಿ5 ತೆಗೆಯಬೇಕು. ತೆಗೆಯುವ ಮುಂಚೆ ಎಲ್ಲವನ್ನೂ ದೊಡ್ಡಕ್ಷರ ಮಾಡಿಕೊಳ್ಳಿ. ಎನ್‌ಸಿಬಿಐ ಫೈಲಿನಲ್ಲಿ ಮರುಕಳಿಸುವ ಭಾಗಗಳು ಸಣ್ಣಕ್ಷರದಲ್ಲಿ ಇರುತ್ತವೆ. ಒಂದು ಸಣ್ಣಕ್ಷರ ಇದ್ದರೂ ಮೊತ್ತ ಬೇರೆ ಬರುತ್ತದೆ. ಉದ್ದವೂ ಮೊತ್ತವೂ ಹೊಂದಿದ ಜೋಡಿಗೆ ಮಾತ್ರ ಅಲಿಯಾಸ್ ಫೈಲಿನಲ್ಲಿ (ಯಾವ ಹೆಸರು ಯಾವುದಕ್ಕೆ ಸಮ ಎಂಬ ಪಟ್ಟಿ) ಸಾಲು ಬರೆದೆವು. ಸಣ್ಣ ಸ್ಕ್ಯಾಫೋಲ್ಡುಗಳಲ್ಲಿ ಜೋಡಿ ಸಿಗದವನ್ನು ಹಾಗೇ ಬಿಟ್ಟೆವು. ಅಂದಾಜಿನ ಮೇಲೆ ಜೋಡಿಸಲಿಲ್ಲ.

ಜೀನೋಮ್ ಬ್ರೌಸರಿಗೆ ಜೆಬ್ರೌಸ್ 2 ಹಾಕಿದ್ದೇವೆ. ಅದಕ್ಕೆ ಡೇಟಾಬೇಸ್ ಸರ್ವರ್ ಬೇಡ. ಸಾದಾ ವೆಬ್ ಸರ್ವರಿನ ಫೋಲ್ಡರಿನಲ್ಲಿ ಫೈಲ್ ಇಟ್ಟರೆ ಸಾಕು. ಹಳೆ ಮಷೀನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಜಿಎಫ್‌ಎಫ್ ಫೈಲನ್ನು ಜಾಗದ ಪ್ರಕಾರ ವಿಂಗಡಿಸಿ, ಬಿಜಿಜಿಪ್ ಮಾಡಿ ಕುಗ್ಗಿಸಿ, ಬೇಕಾದ ಜಾಗ ಬೇಗ ಸಿಗಲು ಟ್ಯಾಬಿಕ್ಸ್ ಸೂಚಿ ಮಾಡಬೇಕು. ಸಾದಾ ಜಿಜಿಪ್ ಮಾಡಿದರೆ ಟ್ಯಾಬಿಕ್ಸ್ ಒಪ್ಪುವುದಿಲ್ಲ. ನಮ್ಮ ಅಲಿಯಾಸ್ ಫೈಲನ್ನು ಜೆಬ್ರೌಸಿಗೆ ತೋರಿಸಿದ ಮೇಲೆ ಎರಡೂ ಕಡೆಯ ಜೀನುಗಳು ಒಂದರ ಕೆಳಗೊಂದು ಕಂಡವು. 28 ಕ್ರೋಮೋಸೋಮುಗಳು, ಮೊದಲನೆಯದು ಝಡ್. ಹೆಣ್ಣು ಹುಳುವಿನಲ್ಲಿ ಮಾತ್ರ ಇರುವ ಡಬ್ಲ್ಯು ಕ್ರೋಮೋಸೋಮ್ ಈ ಜೋಡಣೆಯಲ್ಲಿ ಇಲ್ಲ. ಹೆಣ್ಣು ಹುಳುವಿನ ಸೀಕ್ವೆನ್ಸ್ ತಂದು ಹುಡುಕುವವರಿಗೆ ಇದು ಗೊತ್ತಿರಬೇಕು ಅಂತ ಮುಖಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದೇವೆ.

ಬ್ರೌಸರಿನಲ್ಲಿ ಕೆಲವು ಜಾಗಗಳಿಗೆ ಬುಕ್‌ಮಾರ್ಕ್ ಇಟ್ಟಿದ್ದೇವೆ. 17ನೇ ಕ್ರೋಮೋಸೋಮಿನ ಎನ್‌ಎಸ್‌ಡಿ-2 ಅವುಗಳಲ್ಲಿ ಒಂದು. ಇಲ್ಲಿರುವ ಒಂದು ಜೀನಿನಿಂದ ಸುಮಾರು 6,000 ಅಕ್ಷರ ಬಿಟ್ಟುಹೋಗಿರುವ ಹುಳುಗಳಿಗೆ ಒಂದು ಬಗೆಯ ಡೆನ್ಸೊವೈರಸ್ ತಗಲುವುದೇ ಇಲ್ಲ. 2008ರಲ್ಲಿ ಜಪಾನಿನವರು ಇದನ್ನು ಹಿಡಿದರು. ಜೀನೋಮ್ ನೋಡಿ ಹುಳು ಸಾಕುವವರಿಗೆ ಏನು ಪ್ರಯೋಜನ ಎಂದು ಮನೆಯಲ್ಲಿ ಕೇಳಿದರೆ ಮಕ್ಕಳು ಇದನ್ನು ತೋರಿಸಬಹುದು.

ಬ್ಲಾಸ್ಟ್ ಮತ್ತು ರೇಷ್ಮೆಯ ಜೀನ್

ಸೀಕ್ವೆನ್ಸ್ ಹುಡುಕಲು ಬ್ಲಾಸ್ಟ್ ಪ್ಲಸ್. ಅದಕ್ಕೆ ವೆಬ್ ಪುಟದ ಮುಖ ಕೊಡಲು ಸೀಕ್ವೆನ್ಸ್‌ಸರ್ವರ್. ಅದು 4567ನೇ ಪೋರ್ಟಿನಲ್ಲಿ ಏಳುತ್ತದೆ. ಲ್ಯಾಬಿನ ಯಾವ ಕಂಪ್ಯೂಟರಿನಿಂದಲೂ, ಮೊಬೈಲಿನಿಂದಲೂ ತೆರೆಯಬಹುದು. ಮೇಕ್‌ಬ್ಲಾಸ್ಟ್‌ಡಿಬಿ ಓಡಿಸುವಾಗ ಹೆಸರು ಉಳಿಸಿಕೊಳ್ಳುವ ಪಾರ್ಸ್ ಸೀಕ್‌ಐಡಿ ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ಆಮೇಲೆ ಜೀನಿನ ಸೀಕ್ವೆನ್ಸನ್ನು ಹೆಸರು ಹೇಳಿ ತೆಗೆಯಲು ಆಗುವುದಿಲ್ಲ.

ಹುಳುವಿಗೆ ಬರುವ ಹಾಲುತೊಂಡೆ ರೋಗದ ವೈರಸ್ಸನ್ನೂ ಬೇರೆ ಡೇಟಾಬೇಸಾಗಿ ಸೇರಿಸಿದೆವು. ಅದರ ಟಿ3 ಬಗೆಯ ಜೀನೋಮ್ 1,28,413 ಅಕ್ಷರ, ಅಷ್ಟೇ. ಮೊದಲ ಪಾಠಕ್ಕೆ ಇದು ಬಹಳ ಒಳ್ಳೆಯದು. ಉತ್ತರ ತಕ್ಷಣ ಬರುತ್ತದೆ, ಮತ್ತು ಆ ರೋಗ ಏನು ಮಾಡುತ್ತದೆ ಅಂತ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಸರ್ವರ್ ಸರಿ ಇದೆಯಾ ಅಂತ ಪರೀಕ್ಷಿಸಲು ರೇಷ್ಮೆ ಎಳೆಯ ಜೀನನ್ನೇ ತೆಗೆದುಕೊಂಡೆವು. ಫೈಬ್ರೊಯಿನ್ ಹೆವಿ ಚೈನ್. 25ನೇ ಕ್ರೋಮೋಸೋಮಿನಲ್ಲಿದೆ. ಇದರ ರಚನೆ ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲ ಎಕ್ಸಾನ್ (ಜೀನಿನ ನಕಲನ್ನು ಕತ್ತರಿಸಿ ಜೋಡಿಸುವಾಗ ಉಳಿಯುವ ಭಾಗ) 67 ಅಕ್ಷರ. ಆಮೇಲೆ 971 ಅಕ್ಷರದ ಇಂಟ್ರಾನ್ (ಕತ್ತರಿಸಿ ಬಿಡುವ ಭಾಗ). ಆಮೇಲೆ 15,750 ಅಕ್ಷರದ ಒಂದೇ ದೊಡ್ಡ ಎಕ್ಸಾನ್. ಇದರಿಂದ ಆಗುವ ಪ್ರೋಟೀನಿನಲ್ಲಿ 5,263 ಅಮೈನೊ ಆಮ್ಲ. ಅದರ ಬಹುಪಾಲು ಗ್ಲೈಸಿನ್, ಅಲನಿನ್, ಸೆರಿನ್. ಗ್ಲೈಸಿನ್-ಅಲನಿನ್, ಗ್ಲೈಸಿನ್-ಅಲನಿನ್, ಗ್ಲೈಸಿನ್-ಸೆರಿನ್ ಅಂತ ಮತ್ತೆ ಮತ್ತೆ ಅದೇ, ಚಕ್ಕುಲಿ ಒರಳಿನಿಂದ ಇಳಿಯುವ ಹಿಟ್ಟಿನ ಹಾಗೆ ಒಂದೇ ಸಮ. ರೇಷ್ಮೆ ಎಳೆಗೆ ಆ ಬಲ ಬರುವುದೇ ಈ ಮರುಕಳಿಕೆಯಿಂದ. ತುಂಡು ತುಂಡು ಓದಿ ಜೋಡಿಸುವ ವಿಧಾನಕ್ಕೆ ಇಂಥ ಜಾಗ ಬಹಳ ಕಷ್ಟ. ಯಾವ ತುಂಡು ಎಲ್ಲಿಗೆ ಸೇರಿದ್ದು ಅಂತ ಹೇಳಲು ಗುರುತೇ ಇರುವುದಿಲ್ಲ. ಉದ್ದ ಓದಿನ ಹೊಸ ಜೋಡಣೆಯನ್ನು ಬುನಾದಿ ಮಾಡಿಕೊಳ್ಳಲು ಇದೂ ಒಂದು ಕಾರಣ.

ಈ ಮರುಕಳಿಸುವ ಭಾಗದ ಒಂದು ಪ್ರೋಟೀನ್ ತುಂಡು ಕೊಟ್ಟು, ಪ್ರೋಟೀನನ್ನು ಡಿಎನ್‌ಎಯಲ್ಲಿ ಹುಡುಕುವ ಬ್ಲಾಸ್ಟ್ ಬಗೆಯಾದ ಟಿಬ್ಲಾಸ್ಟ್‌ಎನ್ ಅನ್ನು ಜೀನೋಮಿನ ಮೇಲೆ ಓಡಿಸಿ ನೋಡಿ. "ಏನೂ ಸಿಗಲಿಲ್ಲ" ಎಂದು ಬರುತ್ತದೆ. ರೇಷ್ಮೆ ಹುಳುವಿನ ಜೀನೋಮಿನಲ್ಲಿ ರೇಷ್ಮೆಯ ಜೀನ್ ಇಲ್ಲವಂತೆ! ಲ್ಯಾಬಿನಲ್ಲಿ ಇದನ್ನು ನೋಡಿದವರೆಲ್ಲ ಡೇಟಾಬೇಸ್ ಕೆಟ್ಟಿದೆ ಅಂದುಕೊಂಡರು. ಡೇಟಾಬೇಸ್ ಸರಿಯಾಗೇ ಇತ್ತು. ಟಿಬ್ಲಾಸ್ಟ್‌ಎನ್ ತಾನಾಗಿಯೇ ಸೆಗ್ ಎಂಬ ಜರಡಿ ಹಾಕುತ್ತದೆ. ಒಂದೇ ಥರದ ಅಕ್ಷರಗಳು ಮರುಕಳಿಸುವ ಭಾಗವನ್ನು ಅದು ಎಕ್ಸ್ ಅಕ್ಷರದಿಂದ ಮುಚ್ಚಿಬಿಡುತ್ತದೆ. ನಮ್ಮ ತುಂಡು ಪೂರ್ತಿ ಅಂಥದ್ದೇ. ಹುಡುಕಲು ಒಂದಕ್ಷರವೂ ಉಳಿಯಲಿಲ್ಲ. ಸೀಕ್ವೆನ್ಸ್‌ಸರ್ವರಿನ ಹೆಚ್ಚಿನ ಆಯ್ಕೆಗಳ ಪೆಟ್ಟಿಗೆಯಲ್ಲಿ ಸೆಗ್ ಬೇಡ ಎಂದು ಕೊಟ್ಟ ಕೂಡಲೇ 25ನೇ ಕ್ರೋಮೋಸೋಮ್ ಬಂತು. ಒಂದಲ್ಲ, ಅದೇ ಜಾಗದಲ್ಲಿ ಒಂದರ ಮೇಲೊಂದು ರಾಶಿ ಹೊಂದಾಣಿಕೆಗಳು. ಗ್ಲೈಸಿನ್ ಜಾಸ್ತಿ ಇರುವ ಬೇರೆ ಪ್ರೋಟೀನುಗಳ ಜಾಗವೂ ನಡುನಡುವೆ ಬರುತ್ತದೆ. ಹಾಗಾಗಿ ಈ ಜರಡಿಯನ್ನು ಯಾವಾಗಲೂ ತೆಗೆದಿಡುವಂತೆ ಮಾಡಲಿಲ್ಲ. ಬೇಕಾದಾಗ ತೆಗೆಯುವುದು ಹೇಗೆ ಅಂತ ಪಕ್ಕದಲ್ಲಿ ಬರೆದಿಟ್ಟೆವು. ಪ್ರೋಟೀನನ್ನು ಪ್ರೋಟೀನುಗಳಲ್ಲೇ ಹುಡುಕುವ ಕಮಾಂಡ್ ಲೈನಿನ ಬ್ಲಾಸ್ಟ್‌ಪಿಯಲ್ಲಿ ಈ ಜರಡಿ ಮೊದಲಿನಿಂದಲೂ ಇರುವುದಿಲ್ಲ. ಅದೇ ತುಂಡು ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿರುವುದು ಇದರಿಂದಲೇ.

ಪ್ರೈಮರ್, ಅಂದರೆ ಡಿಎನ್‌ಎಯ ಒಂದು ಜಾಗವನ್ನು ನಕಲು ಮಾಡುವ ಪಿಸಿಆರ್‌ಗೆ ಬೇಕಾದ ಸಣ್ಣ ತುಂಡು, ಹುಡುಕುವವರಿಗೂ ಇಂಥದ್ದೇ ಒಂದು ಕಾದಿರುತ್ತದೆ. ಕಮಾಂಡ್ ಲೈನಿನಲ್ಲಿ ಸುಮ್ನೆ ಬ್ಲಾಸ್ಟ್‌ಎನ್ ಎಂದರೆ ಓಡುವುದು ಮೆಗಾಬ್ಲಾಸ್ಟ್. ಅದು 28 ಅಕ್ಷರ ಒಂದೇ ಸಮನೆ ಹೊಂದಿದರೆ ಮಾತ್ರ ಮುಂದೆ ನೋಡುತ್ತದೆ. ಪ್ರೈಮರ್ ಇರುವುದೇ 20 ಅಕ್ಷರ. ಎಷ್ಟು ಸಲ ಓಡಿಸಿದರೂ ಸಿಗುವುದಿಲ್ಲ. ಟಾಸ್ಕ್ ಎಂಬಲ್ಲಿ ಬ್ಲಾಸ್ಟ್‌ಎನ್-ಶಾರ್ಟ್ ಎಂದು ಕೊಡಬೇಕು, ಹೊಂದಿಕೆ ಎಷ್ಟು ಆಕಸ್ಮಿಕ ಅಂತ ಅಳೆಯುವ ಇ-ವ್ಯಾಲ್ಯೂ ಮಿತಿಯನ್ನೂ ಸಡಿಲ ಮಾಡಬೇಕು. ಇದಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಮಾಡಿಟ್ಟಿದ್ದೇವೆ. ಎರಡು ಪ್ರೈಮರ್ ಕೊಟ್ಟರೆ ಎರಡೂ ಎದುರುಬದುರಾಗಿ ಕೂರುವ ಜಾಗಗಳನ್ನೂ ನಡುವಿನ ಉದ್ದವನ್ನೂ ತೋರಿಸುತ್ತದೆ.

ಹೆಸರುಗಳ ಕೋಷ್ಟಕ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದು. ನನ್ನ ಮಟ್ಟಿಗೆ ಸರ್ವರಿನ ಜೀವ ಇರುವುದೂ ಇದರಲ್ಲೇ. ಫೈಲ್ ಇಳಿಸುವುದನ್ನು ಯಾರು ಬೇಕಾದರೂ ಮಾಡಬಹುದು.

2008ರ ಪಟ್ಟಿಯ ಜೀನುಗಳು ಬಿಜಿಐಬಿಎಂಜಿಎ ಎಂದು ಶುರುವಾಗುತ್ತವೆ. 2020ರ ಸಿಲ್ಕ್‌ಡಿಬಿ 3.0 ಜೀನುಗಳು ಬಿಎಂಎಸ್‌ಕೆ ಎಂದು. ಸಿಲ್ಕ್‌ಬೇಸಿನವು ಕೆಡಬ್ಲ್ಯುಎಂಟಿಬೊಮೊ ಎಂದು. ಎನ್‌ಸಿಬಿಐನವು ಎಲ್‌ಒಸಿ ಮತ್ತು ಒಂದು ನಂಬರು. ನಾಲ್ಕೂ ಒಂದೇ ಹುಳುವಿನವು. ಅಷ್ಟೇ ಅಲ್ಲ, ಚೀನಾದವರ ದಾಜಾವ್, ಜಪಾನಿನವರ ದೈಜೋ ಅಂದರೆ ಪಿ50ಟಿ, ಮೂಲದಲ್ಲಿ ಒಂದೇ ತಳಿ. ಇದರಿಂದ ನಮಗೆ ಅನುಕೂಲವಾಯಿತು. ಒಂದೇ ಜೀನ್ ಆಗಿದ್ದರೆ ಪ್ರೋಟೀನ್ ಹೆಚ್ಚುಕಡಿಮೆ ನೂರಕ್ಕೆ ನೂರು ಹೊಂದಬೇಕು.

ಎನ್‌ಸಿಬಿಐ ಮತ್ತು ಸಿಲ್ಕ್‌ಬೇಸ್ ಒಂದೇ ಜೋಡಣೆಯ ಮೇಲೆ ಇರುವುದರಿಂದ ಅವೆರಡನ್ನು ಜಾಗ ನೋಡಿಯೇ ಜೋಡಿಸಬಹುದು. ಕ್ರೋಮೋಸೋಮ್ ಹೆಸರು ಹೊಂದಿಸಿ, ಬೆಡ್‌ಟೂಲ್ಸಿನಲ್ಲಿ ಒಂದೇ ದಿಕ್ಕಿನ, ಒಂದರ ಮೇಲೊಂದು ಬೀಳುವ ಎಕ್ಸಾನುಗಳನ್ನು ಹುಡುಕಿದೆವು. ಬರೀ ಜೀನಿನ ಗಡಿ ನೋಡಿದರೆ ಮೋಸ ಹೋಗುತ್ತೀರಿ. ಒಂದು ಜೀನಿನ ಇಂಟ್ರಾನಿನೊಳಗೆ ಇನ್ನೊಂದು ಜೀನ್ ಕೂತಿರುವುದು ಅಪರೂಪವೇನಲ್ಲ.

ಉಳಿದ ಎರಡಕ್ಕೆ ಪ್ರೋಟೀನ್ ಬ್ಲಾಸ್ಟ್. ಇದರಿಂದ ಅದಕ್ಕೆ ಅದೇ ಮೊದಲು, ಅದರಿಂದ ಇದಕ್ಕೂ ಇದೇ ಮೊದಲು ಬಂದರೆ ಜೋಡಿ. ಹೊಂದಿಕೆ ಶೇಕಡಾ 95ಕ್ಕಿಂತ ಜಾಸ್ತಿ, ಅದೂ ಉದ್ದದ ಶೇಕಡಾ 80ಕ್ಕಿಂತ ಜಾಸ್ತಿ ಭಾಗದಲ್ಲಿ ಇರಬೇಕು ಅಂತ ಗೆರೆ ಎಳೆದೆವು. ಎನ್‌ಸಿಬಿಐ ಒಂದೇ ಜೀನಿಗೆ ಹಲವು ಪ್ರೋಟೀನ್ ಕೊಡುತ್ತದೆ. ಮೊದಲು ಪ್ರತಿ ಜೀನಿಗೆ ಅತಿ ಉದ್ದದ್ದನ್ನು ಮಾತ್ರ ಉಳಿಸಿಕೊಳ್ಳಿ. ಇಲ್ಲದಿದ್ದರೆ ಅಣ್ಣತಮ್ಮಂದಿರೇ ಒಬ್ಬರಿಗೊಬ್ಬರು ಅಡ್ಡ ಬಂದು ಜೋಡಿ ತಪ್ಪುತ್ತದೆ.

ಇಷ್ಟು ಮಾಡಿದರೂ ಹೊಂದದವು ಉಳಿಯುತ್ತವೆ. ಹಳೆ ಪಟ್ಟಿಯಲ್ಲಿ ಒಂದು ಜೀನನ್ನು ಎರಡು ತುಂಡಾಗಿ ಗುರುತಿಸಿರುತ್ತಾರೆ. ಇನ್ನು ಕೆಲವು ಕಡೆ ಅಕ್ಕಪಕ್ಕದ ಎರಡು ಜೀನ್ ಒಂದಾಗಿ ಬರೆದಿರುತ್ತದೆ. 2ನೇ ಕ್ರೋಮೋಸೋಮಿನಲ್ಲಿ ಮೊಟ್ಟೆಯ ಸಿಪ್ಪೆ ಕಟ್ಟುವ ಕೋರಿಯಾನ್ ಜೀನುಗಳು ಸಾಲಾಗಿ ನೂರಕ್ಕೂ ಜಾಸ್ತಿ ಇವೆ. ಒಂದಕ್ಕೊಂದು ತದ್ರೂಪು. ಅಲ್ಲಿ ಬ್ಲಾಸ್ಟ್ ಹೇಳುವ ಜೋಡಿಯನ್ನು ನಂಬುವ ಹಾಗಿಲ್ಲ. ಹಾಗಾಗಿ ಕೋಷ್ಟಕದಲ್ಲಿ ಜೋಡಿಯ ಪಕ್ಕದಲ್ಲೇ ಇನ್ನೊಂದು ಕಾಲಂ ಮಾಡಿದೆವು. ಒಂದಕ್ಕೆ ಒಂದು, ಒಂದಕ್ಕೆ ಹಲವು, ಅನುಮಾನ. ಮತ್ತೊಂದು ಕಾಲಮಿನಲ್ಲಿ ಜೋಡಿ ಕಟ್ಟಿದ್ದು ಜಾಗ ನೋಡಿಯೋ ಬ್ಲಾಸ್ಟ್ ನೋಡಿಯೋ ಎಂದು. ಅನುಮಾನ ಇರುವುದನ್ನು ಅನುಮಾನ ಎಂದೇ ಬರೆಯಬೇಕು. ಬರೀ ಒಂದಕ್ಕೊಂದು ಜೋಡಿಸಿದ ಅಚ್ಚುಕಟ್ಟಾದ ಪಟ್ಟಿ ನೋಡಲು ಚೆಂದ. ಆದರೆ ಅದನ್ನು ನಂಬಿ ಯಾರೋ ಒಬ್ಬರು ಪ್ರೈಮರಿಗೆ ದುಡ್ಡು ಕೊಟ್ಟಿರುತ್ತಾರೆ.

ಎಲ್ಲವನ್ನೂ ಎಸ್‌ಕ್ಯೂಲೈಟ್ ಫೈಲಿನಲ್ಲಿ ಇಟ್ಟು, ಮುಂದೆ ಒಂದು ಹುಡುಕುವ ಪೆಟ್ಟಿಗೆ ಕೊಟ್ಟಿದ್ದೇವೆ. ಯಾವ ಹೆಸರು ಹಾಕಿದರೂ ಉಳಿದ ಮೂರು ಬರುತ್ತವೆ.

ಇದನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ಮಳವಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿ. ಮನೆಯಲ್ಲಿ ಮೈಸೂರು ತಳಿ ಮತ್ತು ಸಿಎಸ್‌ಆರ್2 ಎಂಬ ಇನ್ನೊಂದು ತಳಿ ಸೇರಿದ ಮಿಶ್ರತಳಿ ಸಾಕುತ್ತಾರೆ. ಗೂಡು ಹಳದಿ. ಸಿಎಸ್‌ಆರ್2 ಗೂಡು ಬಿಳಿ. "ಸರ್, ಎರಡಕ್ಕೂ ತಿನ್ನಿಸುವುದು ಅದೇ ಸೊಪ್ಪು. ಬಣ್ಣ ಯಾಕೆ ಬೇರೆ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಹಿಪ್ಪುನೇರಳೆ ಸೊಪ್ಪಿನಲ್ಲಿ ಕ್ಯಾರೊಟಿನಾಯ್ಡ್ ಎಂಬ ಹಳದಿ ಬಣ್ಣ ಇದೆ. ಅದು ಹುಳುವಿನ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಹೋದರೆ ಗೂಡು ಹಳದಿಯಾಗುತ್ತದೆ. ಈ ಬಣ್ಣವನ್ನು ಹಿಡಿದು ಒಯ್ಯುವ ಪ್ರೋಟೀನಿಗೆ ಕ್ಯಾರೊಟಿನಾಯ್ಡ್-ಬೈಂಡಿಂಗ್ ಪ್ರೋಟೀನ್, ಗಿಡ್ಡದಾಗಿ ಸಿಬಿಪಿ ಎಂದು ಹೆಸರು. ಜಪಾನಿನ ತಂಡವೊಂದು 2007ರಲ್ಲಿ, ಹಳದಿ ರಕ್ತದ ವೈ ಎಂಬ ಹಳೆಯ ಜೀನ್ ಇದೇ ಎಂದು ತೋರಿಸಿತು. ಅವರು ನೋಡಿದ ಬಿಳಿ ರಕ್ತದ ಹುಳುಗಳಲ್ಲಿ ಈ ಜೀನಿನ ಎರಡನೇ ಎಕ್ಸಾನ್ ಬಿಟ್ಟುಹೋಗಿತ್ತು. ಪ್ರೋಟೀನ್ ಆಗುವುದಿಲ್ಲ, ಬಣ್ಣ ರಕ್ತಕ್ಕೆ ಬರುವುದಿಲ್ಲ. ರಕ್ತದಿಂದ ಗ್ರಂಥಿಯೊಳಗೆ ಬಣ್ಣ ಬಿಡುವುದು ಬೇರೆಯೇ ಜೀನ್, ಅದರ ಹೆಸರು ಕ್ಯಾಮಿಯೊ2.

ಅವಳು ನಮ್ಮ ಪೆಟ್ಟಿಗೆಯಲ್ಲಿ ಸಿಬಿಪಿ ಎಂದು ಹಾಕಿದಳು. ಬಂದದ್ದು ಕ್ರೆಬ್-ಬೈಂಡಿಂಗ್ ಪ್ರೋಟೀನ್. ಅದರ ಗಿಡ್ಡ ಹೆಸರೂ ಸಿಬಿಪಿ. ಎಲ್ಲ ಪ್ರಾಣಿಗಳಲ್ಲೂ ಇರುವ, ಬಣ್ಣಕ್ಕೆ ಏನೇನೂ ಸಂಬಂಧವಿಲ್ಲದ ಪ್ರೋಟೀನ್ ಅದು. ಆಮೇಲೆ ಪ್ರೋಟೀನಿನ ಸೀಕ್ವೆನ್ಸ್ ಹಾಕಿ ಬ್ಲಾಸ್ಟ್ ಮಾಡಿದೆವು. 2ನೇ ಕ್ರೋಮೋಸೋಮಿಗೆ ಹೋಯಿತು. ಅಲ್ಲಿ ನೋಡಿದರೆ ಇದೇ ಜೀನಿನಿಂದ ಬಿಎಂಸ್ಟಾರ್ಟ್1 ಎಂಬ ಇನ್ನೊಂದು, ಉದ್ದದ ಪ್ರೋಟೀನೂ ಬರುತ್ತದೆ. ಎಕ್ಸಾನ್ ಸೇರಿಸುವ ರೀತಿ ಬೇರೆ, ಅಷ್ಟೇ. ನಾವು ಪ್ರತಿ ಜೀನಿಗೆ ಅತಿ ಉದ್ದದ್ದನ್ನು ಮಾತ್ರ ಉಳಿಸಿಕೊಂಡಿದ್ದೆವಲ್ಲ. ಜೋಡಿ ಕಟ್ಟಲು ಅದು ಸರಿ. ಹುಡುಕಾಟಕ್ಕೆ ಸಾಲದು. ಅಂದಿನಿಂದ ಬ್ಲಾಸ್ಟ್ ಡೇಟಾಬೇಸಿನಲ್ಲಿ ಎಲ್ಲ ಪ್ರೋಟೀನುಗಳನ್ನೂ ಇಟ್ಟಿದ್ದೇವೆ. ಕೋಷ್ಟಕಕ್ಕೆ "ಪ್ರಬಂಧಗಳಲ್ಲಿ ಬರುವ ಹೆಸರು" ಎಂಬ ಕಾಲಂ ಸೇರಿಸಿದ್ದೇವೆ. ಆ ಕಾಲಂ ತುಂಬುವುದು ಮಕ್ಕಳ ಕೆಲಸ. ಒಂದು ಪ್ರಬಂಧ ಓದಿದರೆ, ಅದರಲ್ಲಿ ಬರುವ ಜೀನುಗಳನ್ನು ಸೀಕ್ವೆನ್ಸ್ ಹಿಡಿದು ಪತ್ತೆ ಮಾಡಿ ಸೇರಿಸಬೇಕು. ಮೊದಲ ಸಾಲು ಅವಳೇ ಬರೆದಳು: ವೈ, ಸಿಬಿಪಿ, ಬಿಎಂಸ್ಟಾರ್ಟ್1.

ನಮ್ಮ ತಳಿ ಇದರಲ್ಲಿಲ್ಲ

ಈ ಸರ್ವರಿನಲ್ಲಿರುವುದು ದೈಜೋ ತಳಿಯ ಜೀನೋಮ್. ಮೈಸೂರು ತಳಿಯದ್ದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿಯಾಗುವುದಿಲ್ಲ. ಇಲ್ಲಿ ನೋಡಿ ಮಾಡಿದ ಪ್ರೈಮರ್ ನಮ್ಮ ಹುಳುವಿನ ಡಿಎನ್‌ಎ ಮೇಲೆ ಕೆಲಸ ಮಾಡದಿದ್ದರೆ ಆ ಜೀನ್ ನಮ್ಮ ಹುಳುವಿನಲ್ಲಿ ಇಲ್ಲ ಎಂದಲ್ಲ. ಪ್ರೈಮರ್ ಕೂರುವ ಜಾಗದಲ್ಲಿ ಒಂದೆರಡು ಅಕ್ಷರ ಬೇರೆ ಇರಬಹುದು. ಅದರಲ್ಲೂ ಪ್ರೈಮರಿನ 3 ಪ್ರೈಮ್ ತುದಿಯ (ನಕಲು ಬೆಳೆಯುತ್ತಾ ಹೋಗುವ ತುದಿ) ಕೊನೆಯ ಅಕ್ಷರ ಹೊಂದದಿದ್ದರೆ ಪಿಸಿಆರ್ ಓಡುವುದೇ ಕಷ್ಟ. ಅಂಥ ಹೊತ್ತಿನಲ್ಲಿ ಎಕ್ಸಾನಿನ ಒಳಗೆ, ಜಾಸ್ತಿ ಬದಲಾಗದ ಜಾಗದಲ್ಲಿ ಇನ್ನೊಂದು ಜೋಡಿ ಪ್ರೈಮರ್ ಹಾಕಿ ನೋಡಬೇಕು.

2022ರಲ್ಲಿ ಚೀನಾದ ತಂಡ 1,078 ರೇಷ್ಮೆ ಹುಳುಗಳ ಜೀನೋಮ್ ಓದಿ, ಅದರಲ್ಲಿ 545ನ್ನು ಉದ್ದ ಓದಿನಿಂದ ಜೋಡಿಸಿ, ಎಷ್ಟೋ ಹುಳುಗಳ ಜೀನೋಮ್ ಒಟ್ಟು ಸೇರಿಸಿದ ದೊಡ್ಡ ಪ್ಯಾನ್‌ಜೀನೋಮ್ ಕಟ್ಟಿತು. ನಮ್ಮ 500 ಜಿಬಿಯಲ್ಲಿ ಅದು ಕೂರುವುದಿಲ್ಲ. ಆದರೆ ಒಂದು ತಳಿಯಲ್ಲಿ ಇರುವುದು ಇನ್ನೊಂದರಲ್ಲಿ ಎಷ್ಟು ಇಲ್ಲದಿರಬಹುದು ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮಾನಂದವಾಡಿ ರಸ್ತೆಯಲ್ಲಿ 1961ರಿಂದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಇರುವ ಊರು ಇದು. ಮೈಸೂರು ತಳಿಯ ಜೀನುಗಳನ್ನು ಇಲ್ಲಿನ ಮಕ್ಕಳೇ ಒಂದೊಂದಾಗಿ ಓದಿ ಪಕ್ಕದಲ್ಲಿ ಇಡಬೇಕು ಎಂಬ ಆಸೆ ನನಗೆ ಬಲವಾಗಿ ಇದೆ. ಅದಕ್ಕೆ ಒಂದು ಖಾಲಿ ಫೋಲ್ಡರ್ ಮಾಡಿಟ್ಟಿದ್ದೇವೆ. ಸ್ಯಾಂಗರ್ ವಿಧಾನದಲ್ಲಿ ಓದಿಸಿದ ಯಾವುದೇ ತುಂಡು ಬಂದರೂ ತಳಿ, ಊರು, ಬೆಳೆಯ ತಿಂಗಳು, ಪ್ರೈಮರ್ ಇವುಗಳ ಜೊತೆ ಅಲ್ಲಿಗೆ ಹೋಗುತ್ತದೆ. ಓದುವ ಯಂತ್ರ ಬರೆದ ಅಲೆಗಳ ಗ್ರಾಫ್, ಅಂದರೆ ಕ್ರೊಮ್ಯಾಟೊಗ್ರಾಮ್ ಫೈಲನ್ನೂ ಕೊಡಬೇಕು. ಬರೀ ಅಕ್ಷರ ಕೊಟ್ಟರೆ ಆ ಅಕ್ಷರವನ್ನು ಎಷ್ಟು ನಂಬಬೇಕು ಅಂತ ಗೊತ್ತಾಗುವುದಿಲ್ಲ.

ಬ್ಯಾಕಪ್ ಪ್ರತಿ ರಾತ್ರಿ ಆರ್‌ಸಿಂಕ್ ಮೂಲಕ ಹಳೆ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಇಳಿಸಿದ ಫೈಲುಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಕೋಷ್ಟಕ ಮತ್ತು ಆ ಫೋಲ್ಡರ್ ಮತ್ತೆ ಸಿಗುವುದಿಲ್ಲ. ಹಾಗಾಗಿ ಅವೆರಡರ ಇನ್ನೊಂದು ಪ್ರತಿ ಮೇಡಂ ಹತ್ತಿರವೂ ಇದೆ.

ಮೈಸೂರು, ಮಂಡ್ಯದ ಬೇರೆ ಕಾಲೇಜಿನವರು ಇದನ್ನು ಹಾಕಿಕೊಳ್ಳುವುದಾದರೆ ಪೆನ್‌ಡ್ರೈವ್ ತನ್ನಿ, ಖುಷಿಯಿಂದ ಕೊಡುತ್ತೇವೆ. 64 ಜಿಬಿಯದು ಸಾಕು. ಎಕ್ಸ್‌ಫ್ಯಾಟ್ ಮಾಡಿಕೊಂಡು ಬನ್ನಿ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, ಮತ್ತು ನಾವು ಎಲ್ಲವನ್ನೂ ಒಂದೇ ಕಟ್ಟು ಮಾಡಿ ಕೊಡುತ್ತೇವೆ. ಮನೆಗೆ ಹೋದ ಮೇಲೆ ಮೊದಲು ಎಂಡಿ5 ನೋಡಿ, ಆಮೇಲೆ ಕಟ್ಟು ಬಿಚ್ಚಿ.